ಶಾಲೆಯ ಅಂಗಳದಲ್ಲಿ ಋತುಚಕ್ರ

ಪ್ರಾಥಮಿಕ ಶಾಲೆಯ ಯಾವುದಾದರೊಂದು ಮಗುವಿಗೆ ಒಂದು ಕಾಗದವನ್ನೂ ನಾಲ್ಕಾರು ಬಣ್ಣದ ಕಡ್ಡಿಗಳನ್ನೂ ಕೊಟ್ಟು, ನಿನಗೆ ತೋಚಿದ ದೃಶ್ಯವನ್ನು ಬರೆ ಎಂದು ಹೇಳಿ ನೋಡಿರಿ. ಎರಡು ಗುಡ್ಡಗಳು, ಅವುಗಳ ನಟ್ಟನಡುವೆ ಅರ್ಧ ಮೂಡಿದ ಸೂರ್ಯ, ಗುಡ್ಡದಿಂದ ಇಳಿದುಬರುವ ನೀಲಿ ನದಿ, ದಡದಲ್ಲಿ ಒಂದು ಮನೆ, ಮಗ್ಗುಲಲ್ಲಿ ಒಂದು ತೆಂಗಿನ ಮರ: ಬಹುಮಟ್ಟಿಗೆ ಇದೇ ಚಿತ್ರ ನಮ್ಮ ಕೈಗೆ ಬರುವುದು. ಋತುಗಳ ಚಿತ್ರವನ್ನು ಬರೆಯೆಂದರೆ ಇನ್ನೂ ವಿಚಿತ್ರ. ಚಳಿಗಾಲಕ್ಕೆ ಹಿಮದ ಬೊಂಬೆ. ಎಲೆ ಉದುರುವ ಕಾಲಕ್ಕೆ ಮಗು ಎಂದೂ ಕಂಡಿರದ ಯಾವುದೋ ಮರದ ಕೆಂಪು ಎಲೆ. ಇವೆರಡೂ ಅಚ್ಚಾದ ಪುಸ್ತಕಗಳಿಂದಲೂ ಗೋಡೆಯ ಪಟಗಳಿಂದಲೂ ಇಳಿದುಬಂದವು; ಮಗುವಿನ ಕಣ್ಣಿನಿಂದ ಬಂದವಲ್ಲ.

ಇದರಿಂದ ಆಗುವ ನಷ್ಟವೇನು ಎಂದು ಕೇಳಬಹುದು. ಋತು ಎಂಬುದು ಬೇರೆಲ್ಲಿಯೋ ನಡೆಯುವ ಸಂಗತಿ, ತನ್ನ ಊರಿನಲ್ಲಿ ನಡೆಯುವುದು ಚಿತ್ರಕ್ಕೆ ಯೋಗ್ಯವಲ್ಲ ಎಂಬ ಭಾವನೆ ಮಗುವಿನಲ್ಲಿ ಬೇರೂರುತ್ತದೆ. ನೋಡಿ ಬರೆದ ಗೆರೆಗಿಂತ ನಕಲು ಮಾಡಿದ ಗೆರೆಗೇ ಹೆಚ್ಚು ಅಂಕ ಬರುವುದಾದರೆ ನೋಡುವ ಅಭ್ಯಾಸವೇ ನಿಂತುಹೋಗುವುದು. ನೋಡುವ ಅಭ್ಯಾಸವಿಲ್ಲದ ಕಡೆ ಕಲೆಯೂ ಇಲ್ಲ, ವಿಜ್ಞಾನವೂ ಇಲ್ಲ. ಆದುದರಿಂದ ಋತುವಿಗೆ ಹೊಂದಿದ ಕಲಾಕಾರ್ಯಗಳನ್ನು ಮಕ್ಕಳಿಂದ ಮಾಡಿಸುವುದಾದರೆ, ಆ ಊರಿನ ಬಿಸಿಲು, ಗಾಳಿ, ಮಣ್ಣು, ಗಿಡಮರಗಳಿಂದಲೇ ಅವನ್ನು ಹೊರಡಿಸಬೇಕು. ಇದು ಹೇಗೆ ಸಾಧ್ಯವೆಂಬುದನ್ನು ಒಂದು ಊರನ್ನು ಮುಂದಿಟ್ಟುಕೊಂಡು ವಿಚಾರಮಾಡೋಣ.

ನಂಗಲಿಯ ಋತುಗಳು

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ನಂಗಲಿಯು ಕರ್ನಾಟಕದ ಪೂರ್ವದ ಅಂಚಿನಲ್ಲಿದೆ. ಅಲ್ಲಿಂದ ಮುಂದಕ್ಕೆ ಆಂಧ್ರಪ್ರದೇಶದ ಚಿತ್ತೂರು ಜಿಲ್ಲೆ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಎಲ್ಲೆಗಳನ್ನು ಹೇಳುವಾಗ ಪೂರ್ವಕ್ಕೆ ನಂಗಲಿಯ ಘಟ್ಟವನ್ನೇ ಹೆಸರಿಸುತ್ತವೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳು ಈ ಸೀಮೆಯಲ್ಲಿ ಅನೇಕರು. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ, ಇರುವುವು ಕೆರೆಗಳು. ಹೀಗಿರಲು ಆ ನೀಲಿಯ ನದಿ ಇಲ್ಲಿಯ ಮಗುವಿನ ಚಿತ್ರದಲ್ಲಿ ಹೇಗೆ ಹರಿದೀತು?

ನಂಗಲಿಯು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಭೂಮಿಯ ಅಕ್ಷವು ಸುಮಾರು 23½ ಡಿಗ್ರಿಯಷ್ಟು ವಾಲಿಕೊಂಡಿರುವುದೇ ಋತುಗಳಿಗೆ ಮೂಲಕಾರಣವೆಂಬುದು ವಾಚಕರಿಗೆ ತಿಳಿದ ವಿಷಯ. ಆದರೆ ಆ ಒಂದೇ ವಾಲಿಕೆ ಬೇರೆ ಬೇರೆ ಅಕ್ಷಾಂಶಗಳಲ್ಲಿ ಬೇರೆ ಬೇರೆ ಫಲಗಳನ್ನು ಕೊಡುತ್ತದೆ. ಲಂಡನ್ ನಗರದಲ್ಲಿ ಡಿಸೆಂಬರಿನ ಅತ್ಯಂತ ಚಿಕ್ಕ ಹಗಲು 8 ಗಂಟೆಗಿಂತ ತುಸು ಕಡಮೆ. ಜೂನಿನ ಅತ್ಯಂತ ದೊಡ್ಡ ಹಗಲು ಸುಮಾರು 16½ ಗಂಟೆ. ಅಲ್ಲಿ ಬೆಳಕೇ ಋತುವನ್ನು ಆಳುತ್ತದೆ. ನಂಗಲಿಯಲ್ಲಿ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಇಲ್ಲಿ ಋತುವನ್ನು ನಮಗೆ ತಿಳಿಸುವುವು ಮುಖ್ಯವಾಗಿ ಗಾಳಿಯೂ ಮಳೆಯೂ. ಪಶ್ಚಿಮಘಟ್ಟದ ಮಳೆಯ ಮರೆಯಲ್ಲಿರುವ ಈ ಜಿಲ್ಲೆಗೆ ಜೂನ್, ಜುಲೈಗಳಲ್ಲಿ ಗಾಳಿ ಹೆಚ್ಚು, ಮಳೆ ಕಡಮೆ. ಒಳ್ಳೆಯ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರುಗಳಲ್ಲಿ. ಎಲೆ ಉದುರುವುದೂ ಇಲ್ಲಿ ಚಳಿಗೆ ಹೆದರಿ ಅಲ್ಲ. ನೆಲದ ತೇವ ಆರುವ ಮಾಘ, ಫಾಲ್ಗುಣಗಳಲ್ಲಿ ನೀರಿನ ಖರ್ಚನ್ನು ತಗ್ಗಿಸಲು ಹೊಂಗೆ, ಮುತ್ತುಗ ಮೊದಲಾದ ಮರಗಳು ಎಲೆಗಳನ್ನು ಕಳೆದುಕೊಳ್ಳುತ್ತವೆ. ಯುಗಾದಿಯ ಹೊತ್ತಿಗೆ ಹೊಂಗೆ ಮತ್ತೆ ಚಿಗುರುತ್ತದೆ.

ಈ ಸಂಗತಿಗಳನ್ನು ಮಗುವಿಗೆ ಉಪದೇಶದ ರೂಪದಲ್ಲಿ ಹೇಳಬೇಕಾಗಿಲ್ಲ. ಅವನ್ನು ಅದರ ಕೈಯಿಂದಲೇ ಬರೆಯಿಸಬಹುದು. ಅಂಥ ಐದು ಕಾರ್ಯಗಳನ್ನು ಮುಂದೆ ಕೊಟ್ಟಿದ್ದೇವೆ. ಮೊದಲನೆಯದು ವರ್ಷವಿಡೀ ನಡೆಯತಕ್ಕದ್ದು. ಉಳಿದ ನಾಲ್ಕು ಒಂದೊಂದು ಕಾಲಕ್ಕೆ ಸೇರಿದವು.

ಕೋಲಿನ ನೆರಳು

ಶಾಲೆಯ ಅಂಗಳದಲ್ಲಿ ಮಟ್ಟವಾದ ಒಂದು ಜಾಗವನ್ನು ಆರಿಸಿ, ನೆಲದಿಂದ ಮೇಲಕ್ಕೆ ಸರಿಯಾಗಿ 100 ಸೆಂಟಿಮೀಟರ್ ಉಳಿಯುವಂತೆ ಒಂದು ನೇರವಾದ ಕೋಲನ್ನು ನೆಡಬೇಕು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ನೆಟ್ಟಗಿರುವುದನ್ನು ಖಚಿತಮಾಡಿಕೊಳ್ಳಬೇಕು. ಬಾವುಟದ ಕಂಬವೇ ಇರುವಾಗ ಕೋಲೇಕೆ ಎಂದು ಕೇಳಬಹುದು. ಸೂರ್ಯನು ಬಿಂದುವಲ್ಲ, ಸುಮಾರು ಅರ್ಧ ಡಿಗ್ರಿ ಅಗಲದ ಬಿಂಬ. ಆದಕಾರಣ ನೆರಳಿನ ಅಂಚು ಮಸಕಾಗಿರುತ್ತದೆ. ಆರು ಮೀಟರ್ ಎತ್ತರದ ಕಂಬದ ತುದಿಯ ನೆರಳಿನಲ್ಲಿ ಈ ಮಸಕು ಐದು ಸೆಂಟಿಮೀಟರಿಗೂ ಹೆಚ್ಚು. ಒಂದು ಮೀಟರಿನ ಕೋಲಿನಲ್ಲಿ ಅದು ಸುಮಾರು ಒಂದು ಸೆಂಟಿಮೀಟರ್ ಮಾತ್ರ ಇರುವುದರಿಂದ ಮಕ್ಕಳು ಗುರುತು ಮಾಡಲು ಅನುಕೂಲ.

ತಿಂಗಳಿಗೊಮ್ಮೆ, 21ನೆಯ ತಾರೀಖಿನ ಸುಮಾರಿಗೆ, ನಡುಹಗಲಿನ ಅತಿ ಮೋಟಾದ ನೆರಳನ್ನು ಹುಡುಕಬೇಕು. ಗಡಿಯಾರದ 12 ಗಂಟೆಯೇ ನಡುಹಗಲೆಂದು ಭಾವಿಸಬಾರದು. ಭಾರತದ ಕಾಲಮಾನವು 82½ ಡಿಗ್ರಿ ರೇಖಾಂಶಕ್ಕೆ ಸೇರಿದ್ದು. ನಂಗಲಿಯು ಅದಕ್ಕೆ ಸುಮಾರು 4 ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ 4 ನಿಮಿಷದಂತೆ ಇಲ್ಲಿಯ ನಡುಹಗಲು ಸರಾಸರಿಯಲ್ಲಿ 12 ಗಂಟೆ 16 ನಿಮಿಷಕ್ಕೆ ಆಗುತ್ತದೆ. ಭೂಮಿಯ ಕಕ್ಷೆಯು ಪೂರ್ಣ ವೃತ್ತವಲ್ಲದ್ದರಿಂದಲೂ ಅಕ್ಷದ ವಾಲಿಕೆಯಿಂದಲೂ ಈ ವೇಳೆ ವರ್ಷದಲ್ಲಿ ಹಿಂದುಮುಂದಾಗಿ, ನವೆಂಬರ್ ಆರಂಭದಲ್ಲಿ 12ರ ಹತ್ತಿರಕ್ಕೂ ಫೆಬ್ರವರಿಯ ನಡುವೆ 12-30ಕ್ಕೂ ಸರಿಯುತ್ತದೆ. ಆದ್ದರಿಂದ 12ರಿಂದ 12-35ರವರೆಗೆ ಐದೈದು ನಿಮಿಷಕ್ಕೆ ಒಂದು ಕಲ್ಲನ್ನಿಟ್ಟು, ಕೋಲಿಗೆ ಅತ್ಯಂತ ಸಮೀಪದ ಕಲ್ಲನ್ನು ಆರಿಸಿಕೊಂಡರೆ ಸಾಕು.

ನೆರಳಿನ ತುದಿಯ ಗುರುತನ್ನು ಆಯಾ ತಿಂಗಳ ಬಣ್ಣದಿಂದ ತುಂಬುವುದೇ ಇಲ್ಲಿಯ ಕಲಾಕಾರ್ಯ. ಜನವರಿಗೆ ಅವರೆಯ ಹಸುರು, ಮಾರ್ಚಿಗೆ ಮುತ್ತುಗದ ಕಿತ್ತಳೆ, ಮೇ ತಿಂಗಳಿಗೆ ಮಾವಿನ ಹಳದಿ, ಅಕ್ಟೋಬರಿಗೆ ಕೆರೆಯ ಬೂದು ಹೀಗೆ ಮಕ್ಕಳೇ ಚರ್ಚಿಸಿ ಆರಿಸಲಿ. ನೆಲದ ಗುರುತು ಮಳೆಗೆ ಅಳಿಸಿಹೋಗುವುದರಿಂದ ಪ್ರತಿ ಗುರುತನ್ನೂ ಹತ್ತರಲ್ಲೊಂದು ಪ್ರಮಾಣದಲ್ಲಿ ಒಂದು ಉದ್ದವಾದ ಹಾಳೆಗೆ ಇಳಿಸಿಕೊಳ್ಳಬೇಕು. ನಂಗಲಿಯಲ್ಲಿ ಅಳತೆಗಳು ಸುಮಾರಾಗಿ ಹೀಗೆ ಬರತಕ್ಕವು: ಡಿಸೆಂಬರ್ 22ರಂದು ಉತ್ತರಕ್ಕೆ 74 ಸೆಂಟಿಮೀಟರ್, ನವೆಂಬರ್, ಜನವರಿಗಳಲ್ಲಿ 65, ಅಕ್ಟೋಬರ್, ಫೆಬ್ರವರಿಗಳಲ್ಲಿ 44, ಸೆಪ್ಟೆಂಬರ್, ಮಾರ್ಚಿಗಳಲ್ಲಿ 23. ಏಪ್ರಿಲ್ 24-25ರ ನಡುಹಗಲಲ್ಲಿ ನೆರಳೇ ಇಲ್ಲ. ಸೂರ್ಯನು ನೆತ್ತಿಯ ಮೇಲಿರುತ್ತಾನೆ. ಆಮೇಲೆ ನೆರಳು ದಕ್ಷಿಣಕ್ಕೆ ಹೊರಳಿ, ಮೇ ತಿಂಗಳಲ್ಲಿ 12, ಜೂನ್ 21ಕ್ಕೆ 18, ಜುಲೈಯಲ್ಲಿ 13 ಸೆಂಟಿಮೀಟರ್ ಆಗಿ, ಆಗಸ್ಟ್ 17-18ರಂದು ಮತ್ತೆ ಮಾಯವಾಗುತ್ತದೆ.

ದೆಹಲಿಯ ಮಕ್ಕಳಿಗೆ ಈ ಭಾಗ್ಯವಿಲ್ಲ. ಕರ್ಕಾಟಕ ಸಂಕ್ರಾಂತಿವೃತ್ತದ ಉತ್ತರಕ್ಕಿರುವ ಊರುಗಳಲ್ಲಿ ಸೂರ್ಯನು ಎಂದಿಗೂ ನೆತ್ತಿಗೆ ಬರುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಎರಡು ಬಾರಿ ಬರುತ್ತಾನೆ. ಏಪ್ರಿಲಿನ ದಿನ ಬೇಸಿಗೆಯ ರಜೆಯೊಳಗೆ ಬೀಳುವುದರಿಂದ ಮಕ್ಕಳು ಅದನ್ನು ಮನೆಯ ಅಂಗಳದಲ್ಲಿ ನೋಡಿ ಬರೆಯಲಿ. ಆಗಸ್ಟಿನದು ಶಾಲೆಯ ದಿನಗಳಲ್ಲಿಯೇ ಬಂದರೂ ಮೋಡ ಅಡ್ಡವಾಗಬಹುದು. ಅದಕ್ಕಾಗಿ ಚಿಂತಿಸಬೇಕಾಗಿಲ್ಲ, ಆ ದಿನಗಳಲ್ಲಿ ನೆರಳು ದಿನಕ್ಕೆ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು ಮಾತ್ರ ಸರಿಯುವುದರಿಂದ ಹಿಂದಿನ ಅಥವಾ ಮುಂದಿನ ದಿನ ನೋಡಿದರೂ ಮಗುವಿನ ಕಣ್ಣಿಗೆ ನೆರಳಿಲ್ಲದಂತೆಯೇ ಕಾಣುವುದು. ಒಂದೇ ಎಚ್ಚರಿಕೆ: ನೋಡಬೇಕಾದ್ದು ನೆರಳನ್ನು, ಸೂರ್ಯನನ್ನು ಯಾವ ಹೊತ್ತಿನಲ್ಲಿಯೂ ನೇರವಾಗಿ ನೋಡಕೂಡದು.

ಈ ಒಂದು ಚಿತ್ರದಿಂದ ಎರಡು ಗುಡ್ಡಗಳ ನಡುವಣ ಸೂರ್ಯನೂ ಕದಲುತ್ತಾನೆ. ನಂಗಲಿಯಿಂದ ನೋಡಿದಾಗ ಸೂರ್ಯ ಹುಟ್ಟುವ ಜಾಗವು ಡಿಸೆಂಬರಿನಿಂದ ಜೂನಿನವರೆಗೆ ಪೂರ್ವದ ದಿಗಂತದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಸುಮಾರು 48 ಡಿಗ್ರಿಯಷ್ಟು ಸರಿಯುತ್ತದೆ. ತೋಳನ್ನು ನೀಡಿ ಮುಷ್ಟಿಯನ್ನು ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಅಂದರೆ ಈ ಪ್ರಯಾಣ ಹತ್ತಿರ ಹತ್ತಿರ ಐದು ಮುಷ್ಟಿಗಳಷ್ಟು. ಮಕ್ಕಳು ತಮ್ಮ ಮನೆಯ ಬಾಗಿಲಿನಿಂದ ಕಾಣುವ ಪೂರ್ವದ ಗೆರೆಯನ್ನು, ಅಲ್ಲಿಯ ಬಂಡೆ, ಹುಣಿಸೆಮರ, ನೀರಿನ ತೊಟ್ಟಿಗಳ ಸಮೇತ, ಒಮ್ಮೆ ಬರೆದಿಟ್ಟುಕೊಳ್ಳಲಿ. ತಿಂಗಳಿಗೊಮ್ಮೆ ಬೆಳಕು ಮೊದಲು ಕೆಂಪಾಗುವ ಜಾಗಕ್ಕೆ ಒಂದು ಬೊಟ್ಟನ್ನಿಡಲಿ. ಸೂರ್ಯನಿಗೆ ಗುಡ್ಡಗಳ ನಡುವೆ ಕಾಯಂ ವಾಸವಿಲ್ಲವೆಂಬುದು ವರ್ಷದ ಕೊನೆಗೆ ತಾನೇ ತಿಳಿಯುತ್ತದೆ.

ಆಷಾಢದ ಗಾಳಿ

ಆಷಾಢ ಬಂದೊಡನೆ ಗಾಳಿಪಟ. ಇದನ್ನು ಆಟವೆಂದು ಶಾಲೆಯ ಹೊರಗೆ ನಿಲ್ಲಿಸಬೇಕಾಗಿಲ್ಲ. ಕಾಗದವನ್ನು ಚೌಕಾಕಾರವಾಗಿ ಕತ್ತರಿಸುವುದು, ಬಿದಿರ ಕಡ್ಡಿಯನ್ನು ಸಮವಾಗಿ ಬಾಗಿಸುವುದು, ಎಡಬಲಗಳಿಗೆ ಒಂದೇ ತೂಕ ಬರುವಂತೆ ಬಣ್ಣದ ಚೂರುಗಳನ್ನು ಅಂಟಿಸುವುದು: ಇವೆಲ್ಲ ಸಮತೆಯ ಪಾಠಗಳೇ. ಓರೆಯಾಗಿ ನಿಂತ ಪಟದ ಮೇಲೆ ಗಾಳಿ ಬಡಿದಾಗ ಅದು ಹಿಂದಕ್ಕೂ ಮೇಲಕ್ಕೂ ತಳ್ಳಲ್ಪಡುತ್ತದೆ. ಹಿಂದಕ್ಕೆ ಹೋಗದಂತೆ ದಾರವು ತಡೆಯುವುದರಿಂದ ಮೇಲಕ್ಕೇರುತ್ತದೆ. ಬಾಲವು ಅಲಂಕಾರಕ್ಕಷ್ಟೇ ಅಲ್ಲ, ಪಟ ಗಿರಕಿ ಹೊಡೆಯದಂತೆ ಅದನ್ನು ಹಿಡಿದು ನಿಲ್ಲಿಸುತ್ತದೆ. ಬಾಲವನ್ನು ಒಂದು ಗೇಣು ಚಿಕ್ಕದು ಮಾಡಿ, ಒಂದು ಗೇಣು ಉದ್ದಮಾಡಿ ಮಕ್ಕಳೇ ಪರೀಕ್ಷಿಸಲಿ. ಗಾಜಿನ ಪುಡಿ ಸವರಿದ ದಾರವೂ ವಿದ್ಯುತ್ ತಂತಿಯ ಸಮೀಪವೂ ಸರ್ವಥಾ ಕೂಡದು.

ಇದರೊಡನೆ ಒಂದು ಚಿತ್ರವನ್ನೂ ಬರೆಯಿಸಬೇಕು. ಗಾಳಿ ಕಣ್ಣಿಗೆ ಕಾಣದು. ಅದನ್ನು ಬರೆಯುವುದು ಹೇಗೆ? ಬಾಗಿದ ಜೋಳದ ದಂಟು, ಒಂದೇ ಕಡೆಗೆ ಹಾರುವ ಒಣಗಲು ಹಾಕಿದ ಬಟ್ಟೆ, ಪಟದ ದಾರದ ಓರೆ, ಇವುಗಳ ಮೂಲಕ ಬರೆಯಬೇಕು. ಜೂನ್, ಜುಲೈಗಳಲ್ಲಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವ ಗಾಳಿಗೆ ಪಟವು ಪೂರ್ವದ ಘಟ್ಟದ ಕಡೆಗೆ ಎಳೆಯುತ್ತದೆ. ಚಿತ್ರದ ಮೂಲೆಯಲ್ಲಿ ದಿಕ್ಕಿನ ಬಾಣವನ್ನು ಹಾಕಿಸಿ, ಹಾಳೆಯನ್ನು ಜೋಪಾನಮಾಡಿರಿ. ಕಾರ್ತಿಕದಲ್ಲಿ ಅದೇ ಜಾಗದಿಂದ ಅದೇ ದೃಶ್ಯವನ್ನು ಮತ್ತೊಮ್ಮೆ ಬರೆಯಿಸಿರಿ. ಆಗ ಗಾಳಿ ಈಶಾನ್ಯದ ಕಡೆಯಿಂದ ಬರುವುದರಿಂದ ಬಟ್ಟೆಗಳೂ ಎಲೆಗಳೂ ಎದುರು ದಿಕ್ಕಿಗೆ ಹಾರುತ್ತವೆ. ಮಾನ್ಸೂನ್ ಎಂಬ ಮಾತು ಅರಬ್ಬಿಯ ‘ಮೌಸಿಂ’, ಎಂದರೆ ಋತು, ಎಂಬ ಪದದಿಂದ ಬಂದುದು. ಎರಡು ಹಾಳೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟ ಮಗುವಿಗೆ ಆ ಮಾತಿನ ಅರ್ಥವನ್ನು ವಿವರಿಸುವ ಶ್ರಮವಿಲ್ಲ.

ಭಾದ್ರಪದದ ಮಣ್ಣು

ಗಣೇಶನ ಹಬ್ಬದ ಹೊತ್ತಿಗೆ ಕೈಗೆ ಮಣ್ಣು ಬರಬೇಕು. ಮುಳಬಾಗಿಲಿನ ಸಮೀಪದ ಕುರುಡುಮಲೆಯಲ್ಲಿ ಒಂದೇ ಶಿಲೆಯಲ್ಲಿ ಕಡೆದ ದೊಡ್ಡ ಗಣಪತಿಯಿರುವುದನ್ನು ಈ ಸೀಮೆಯ ಮಕ್ಕಳೆಲ್ಲ ಬಲ್ಲರು. ಕಲ್ಲಿನ ಮೂರ್ತಿ ಕಡೆದಷ್ಟೇ ಗಾತ್ರದಲ್ಲಿ ಉಳಿಯುವುದು. ಮಣ್ಣಿನ ಮೂರ್ತಿ ಹಾಗಲ್ಲ. ಹಿರಿಯರೊಬ್ಬರು ಕೆರೆಯ ಅಂಚಿನಿಂದ ತಂದ ಜೇಡಿಯನ್ನು ಕಲ್ಲುಕಡ್ಡಿ ತೆಗೆದು ನಾದಿಕೊಟ್ಟರೆ, ಮಗು ಮೊದಲು ಒಂದು ಪಟ್ಟಿಯನ್ನು ತಟ್ಟಿ ಅದರ ಮೇಲೆ ಸರಿಯಾಗಿ 10 ಸೆಂಟಿಮೀಟರ್ ದೂರದಲ್ಲಿ ಎರಡು ಗೆರೆಗಳನ್ನು ಗೀರಲಿ. ನೆರಳಿನಲ್ಲಿ ಒಂದು ವಾರ ಆರಿದ ಮೇಲೆ ಮತ್ತೆ ಅಳೆದರೆ ಗೆರೆಗಳು ಹತ್ತಿರವಾಗಿರುತ್ತವೆ. ಜೇಡಿಯ ತೆಳುವಾದ ಕಣಗಳ ನಡುವಣ ನೀರು ಹೊರಟುಹೋಗಿ ಕಣಗಳು ಒಂದನ್ನೊಂದು ಸೇರುವುದೇ ಇದಕ್ಕೆ ಕಾರಣ. ಹೊರಮೈ ಬೇಗ ಆರಿ ಕುಗ್ಗುವಾಗ ಒಳಗಿನ ಹಸಿಮಣ್ಣು ಕುಗ್ಗದೆ ನಿಂತರೆ ಬಿರುಕು ಬೀಳುತ್ತದೆ. ಹೊಟ್ಟೆ ದಪ್ಪ, ಸೊಂಡಿಲು ತೆಳ್ಳಗೆ ಇರುವ ಗಣೇಶನಲ್ಲಿ ಸೊಂಡಿಲಿನ ಬುಡದಲ್ಲೇ ಬಿರುಕು ಏಕೆಂಬುದು ಮಕ್ಕಳಿಗೆ ಒಳ್ಳೆಯ ಪ್ರಶ್ನೆ. ಹೊಟ್ಟೆಯನ್ನು ಒಳಗೆ ಪೊಳ್ಳಾಗಿಸುವುದೂ, ಜೇಡಿಗೆ ಸ್ವಲ್ಪ ಮರಳನ್ನು ಬೆರಸುವುದೂ, ಒದ್ದೆಬಟ್ಟೆ ಮುಚ್ಚಿ ನಿಧಾನವಾಗಿ ಒಣಗಿಸುವುದೂ ಉತ್ತರಗಳು.

ಮೂರ್ತಿಗೆ ಬಣ್ಣ ಬೇಕಾದರೆ ಕೆಮ್ಮಣ್ಣು, ಅರಿಸಿನ, ಸುಣ್ಣಗಳು ಸಾಕು. ಒಂದು ಬಕೆಟ್ಟಿನ ನೀರಿನಲ್ಲಿ ಈ ಮೂರ್ತಿಯನ್ನು ಬಿಟ್ಟು ಎಷ್ಟು ಹೊತ್ತಿಗೆ ಕರಗಿ ಕುಸಿಯುವುದೆಂದು ನೋಡಬಹುದು. ಪ್ಲಾಸ್ಟರ್ ಆಫ್ ಪ್ಯಾರಿಸಿನ ಮೂರ್ತಿ ಹೀಗೆ ಕರಗುವುದಿಲ್ಲ. ಅದು ನೀರನ್ನು ಕುಡಿದು ಗಟ್ಟಿಯಾದ ಜಿಪ್ಸಂ. ಒಂದು ಲೀಟರ್ ನೀರಿನಲ್ಲಿ ಸುಮಾರು 2 ಗ್ರಾಂ ಮಾತ್ರ ಕರಗಬಲ್ಲುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಅಂಥ ಮೂರ್ತಿಗಳನ್ನು ನಿಷೇಧಿಸಿತ್ತು. ಕೆರೆಯನ್ನೇ ನಂಬಿ ಬದುಕುವ ಜಿಲ್ಲೆಯಲ್ಲಿ ಈ ಬಕೆಟ್ಟಿನ ಪ್ರಯೋಗ ಯಾವ ಭಾಷಣಕ್ಕಿಂತಲೂ ಹೆಚ್ಚು ಕೆಲಸಮಾಡುತ್ತದೆ.

ಧನುರ್ಮಾಸದ ರಂಗವಲ್ಲಿ

ಡಿಸೆಂಬರಿನ ನಡುವಿನಿಂದ ಜನವರಿಯ ನಡುವಿನವರೆಗೆ ಮುಂಜಾವದಲ್ಲಿ ಮನೆಗಳ ಮುಂದೆ ರಂಗವಲ್ಲಿ ಅರಳುತ್ತದೆ. ತೆಲುಗಿನ ಮನೆಯಲ್ಲಿ ಅದು ಮುಗ್ಗು. ಚುಕ್ಕೆಗಳನ್ನು ಇಡುವುದರಲ್ಲಿಯೇ ಗಣಿತವಿದೆ. ಒಂದು, ಮೂರು, ಐದು, ಏಳು, ಮತ್ತೆ ಐದು, ಮೂರು, ಒಂದು ಎಂದು ಸಾಲಾಗಿ ಇಟ್ಟರೆ ಒಟ್ಟು ಚುಕ್ಕೆಗಳು 25. ಇದರ ಮೇಲಿನ ನಾಲ್ಕು ಸಾಲುಗಳಲ್ಲಿ 16, ಅಂದರೆ ನಾಲ್ಕು ನಾಲ್ಕಲೆ. ಕೆಳಗಿನ ಮೂರರಲ್ಲಿ 9, ಅಂದರೆ ಮೂರು ಮೂರಲೆ. ಬೆಸಸಂಖ್ಯೆಗಳನ್ನು ಒಂದರಿಂದ ಕ್ರಮವಾಗಿ ಕೂಡುತ್ತ ಹೋದರೆ ಯಾವಾಗಲೂ ವರ್ಗಸಂಖ್ಯೆಯೇ ಬರುವುದೆಂಬ ನಿಯಮವನ್ನು ಮಗು ತನ್ನ ಹೊಸಿಲ ಮುಂದೆಯೇ ಕಾಣುತ್ತದೆ. ಬರೆದ ರಂಗವಲ್ಲಿಯ ಎದುರು ನಾಲ್ಕು ಕಡೆಗಳಲ್ಲಿಯೂ ನಿಂತು ನೋಡಿ, ಎಲ್ಲಿಂದ ನೋಡಿದರೆ ಒಂದೇ ತೆರನಾಗಿ ಕಾಣುವುದೆಂದು ಹೇಳಲಿ. ಸಮಮಿತಿಯ ಪಾಠ ಅಲ್ಲಿಗೆ ಮುಗಿಯಿತು.

ಈ ತಿಂಗಳಲ್ಲಿಯೇ ಕೋಲಿನ ನೆರಳು ಒಂದು ಅಚ್ಚರಿಯನ್ನು ತೋರಿಸುತ್ತದೆ. ಉತ್ತರಾಯಣದ ಹಬ್ಬವಾದ ಸಂಕ್ರಾಂತಿ ಬರುವುದು ಜನವರಿ 14 ಅಥವಾ 15ಕ್ಕೆ. ಆದರೆ ನೆರಳು ಮೋಟಾಗತೊಡಗುವುದು ಡಿಸೆಂಬರ್ 22ರಿಂದಲೇ. ಹಬ್ಬ ತಪ್ಪೇ, ನೆರಳು ತಪ್ಪೇ? ಎರಡೂ ಅಲ್ಲ. ಸಂಕ್ರಾಂತಿಯನ್ನು ನಕ್ಷತ್ರಗಳ ನಡುವೆ ಸೂರ್ಯನ ಸ್ಥಾನದಿಂದ ಎಣಿಸುತ್ತೇವೆ. ನೆರಳು ಭೂಮಿಯ ವಾಲಿಕೆಯನ್ನು ಅನುಸರಿಸುತ್ತದೆ. ಭೂಅಕ್ಷವು ಬುಗುರಿಯ ಹಾಗೆ ಸುಮಾರು 26,000 ವರ್ಷಗಳಿಗೊಮ್ಮೆ ಸುತ್ತು ಹಾಕುವುದರಿಂದ ಇವೆರಡಕ್ಕೂ ಹತ್ತಿರ ಹತ್ತಿರ 71 ವರ್ಷಗಳಿಗೆ ಒಂದು ದಿನದಷ್ಟು ಅಂತರ ಬೀಳುತ್ತದೆ. ಸುಮಾರು 1700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಅಷ್ಟು ದೀರ್ಘಕಾಲದ ಚಲನೆಯೊಂದರ ಗುರುತು ಶಾಲೆಯ ಅಂಗಳದ ಬಣ್ಣದ ಬೊಟ್ಟುಗಳಲ್ಲಿ ಕಾಣಸಿಗುವುದು ಅಲ್ಪವಾದ ಮಾತಲ್ಲ.

ಫಾಲ್ಗುಣದ ಅರಿಸಿನ ಮತ್ತು ಬಿಸಿಲು

ಬಿಸಿಲು ಬಲಿಯತೊಡಗಿದಾಗ ಬಿಸಿಲಿನಿಂದಲೇ ಚಿತ್ರ ಬರೆಯಿಸಬಹುದು. ಅರಿಸಿನವನ್ನು ನೀರಿನಲ್ಲಿ ಕದಡಿ ದಪ್ಪ ಕಾಗದಕ್ಕೆ ಸಮವಾಗಿ ಬಳಿದು ನೆರಳಿನಲ್ಲಿ ಒಣಗಿಸಿರಿ. ಅದರ ಮೇಲೆ ಉದುರಿದ ಎಲೆಯನ್ನೋ ಹೊಸ ಚಿಗುರನ್ನೋ ಇಟ್ಟು, ಮೇಲೊಂದು ಗಾಜನ್ನು ಒತ್ತಿ, ಒಂದೆರಡು ದಿನ ಒಳ್ಳೆಯ ಬಿಸಿಲಿಗೆ ಇಡಿರಿ. ಅರಿಸಿನದ ಬಣ್ಣದ್ರವ್ಯವು ಬೆಳಕಿಗೆ ಕೆಡುವ ಸ್ವಭಾವದ್ದು. ಎಲೆಯ ಮರೆಯಲ್ಲಿದ್ದ ಭಾಗ ಹಳದಿಯಾಗಿಯೇ ಉಳಿದು ಸುತ್ತಲಿನದು ಮಾಸುತ್ತದೆ. ಈಗ ಉಪಾಧ್ಯಾಯರು ತಿಳಿಸುಣ್ಣದ ನೀರನ್ನು ಕುಂಚದಿಂದ ತೆಳುವಾಗಿ ಸವರಿದರೆ ಹಳದಿ ಉಳಿದ ಭಾಗ ಕೆಂಪಗೆ ತಿರುಗಿ ಎಲೆಯ ಆಕಾರ ಎದ್ದು ಕಾಣುವುದು. ಹಬ್ಬದ ಓಕುಳಿಯ ಗುಟ್ಟೂ ಇದೇ: ಅರಿಸಿನ ಕ್ಷಾರದೊಡನೆ ಕೆಂಪಾಗುತ್ತದೆ, ಹುಳಿಯೊಡನೆ ಮರಳಿ ಹಳದಿಯಾಗುತ್ತದೆ. ಸುಣ್ಣ ಮಕ್ಕಳ ಕಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು. ಸಸ್ಯಗಳ ರಸದಿಂದ ಬಿಸಿಲಿನಲ್ಲಿ ಚಿತ್ರ ಮೂಡಿಸುವ ಈ ವಿಧಾನವನ್ನು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ವಿವರಿಸಿದನು. ಛಾಯಾಚಿತ್ರಕಲೆ ಆಗ ಇನ್ನೂ ಶೈಶವದಲ್ಲಿದ್ದಿತು.

ಇದೇ ಕಾಲದಲ್ಲಿ ಮಾವಿನ, ಅರಳಿಯ ಚಿಗುರುಗಳು ತಾಮ್ರದ ಬಣ್ಣದಲ್ಲಿ ಹೊರಡುತ್ತವೆ. ಕೆಂಪು ಎಲೆಯನ್ನು ಬರೆಯಲು ಮಗು ಹಿಮದ ನಾಡಿಗೆ ಹೋಗಬೇಕಾಗಿಲ್ಲ. ಅಲ್ಲಿ ಕೆಂಪು ಎಲೆ ಉದುರುವ ಮುನ್ನ ಬರುತ್ತದೆ, ಇಲ್ಲಿ ಹುಟ್ಟುವಾಗಲೇ ಬರುತ್ತದೆ. ಈ ಭೇದವನ್ನು ಬರೆದು ತಿಳಿದ ಮಗು ಎರಡು ನಾಡುಗಳನ್ನೂ ತಿಳಿದಂತಾಯಿತು.

ಹನ್ನೆರಡು ಹಾಳೆಗಳು

ಇದು ಹೊಸ ತತ್ತ್ವವೇನೂ ಅಲ್ಲ. ಶಾಂತಿನಿಕೇತನದಲ್ಲಿ ರವೀಂದ್ರರು ಋತುಗಳನ್ನು ವಿದ್ಯಾಭ್ಯಾಸದ ಅಂಗವಾಗಿ ಮಾಡಿ, 1928ರಲ್ಲಿ ವೃಕ್ಷಾರೋಪಣದ ಉತ್ಸವವನ್ನು ಆರಂಭಿಸಿದರು. ಪುತ್ತೂರಿನಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ, 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಆರಂಭದ ತರಗತಿಗಳಿಗೆ ಹಬ್ಬಿದ ನಲಿ-ಕಲಿ ಪದ್ಧತಿಯೂ ಮಗು ಮಾಡಿ ಕಲಿಯಲಿ ಎಂಬುದನ್ನೇ ಹೇಳುತ್ತದೆ. ಚಿತ್ರಕಲೆಗೆ ಬೇರೆ ಉಪಾಧ್ಯಾಯರಿಲ್ಲದ ಹಳ್ಳಿಯ ಶಾಲೆಗಳು ಬಹಳ ಇರುವುದು ನಿಜ. ಆದರೆ ಮೇಲಿನ ಯಾವ ಕಾರ್ಯಕ್ಕೂ ಚಿತ್ರಗಾರನ ಕೈ ಬೇಡ. ಕೋಲು, ಮಣ್ಣು, ಕಾಗದ, ಅರಿಸಿನ, ಸುಣ್ಣಗಳಿಗೆ ದೊಡ್ಡ ಖರ್ಚೂ ಇಲ್ಲ. ಬೇಕಾದುದು ತಿಂಗಳಿಗೊಮ್ಮೆ ತಪ್ಪದೆ ನಡಸುವ ಕ್ರಮ.

ಉಪಾಧ್ಯಾಯರು ಪಾಲಿಸಬೇಕಾದ ನಿಯಮಗಳು ಮೂರು. ಹಲಗೆಯ ಮೇಲೆ ಮಾದರಿಯ ಚಿತ್ರವನ್ನು ಬರೆದು ನಕಲು ಮಾಡಿಸಬಾರದು. ಪ್ರತಿ ಹಾಳೆಯ ಮೇಲೂ ತಾರೀಖು, ಹೊತ್ತು, ಜಾಗಗಳನ್ನು ಬರೆಯಿಸಬೇಕು. ಇವಿಲ್ಲದ ಚಿತ್ರ ಚೆಂದವಿರಬಹುದು, ಸಾಕ್ಷಿಯಾಗಲಾರದು. ಅಂದವಾದ ಹಾಳೆಗಿಂತ ಕಂಡಂತೆ ಬರೆದ ಹಾಳೆಯನ್ನು ಹೆಚ್ಚಾಗಿ ಮೆಚ್ಚಬೇಕು.

ಹನ್ನೆರಡು ತಿಂಗಳ ಹನ್ನೆರಡು ಹಾಳೆಗಳನ್ನು ಗೋಡೆಯ ಮೇಲೆ ಸಾಲಾಗಿ ಅಂಟಿಸಿದರೆ ಅದು ಆ ಊರಿನ ಪಂಚಾಂಗವಾಗುತ್ತದೆ. ಮುಂದಿನ ವರ್ಷದ ತರಗತಿ ತನ್ನ ಸಾಲನ್ನು ಅದರ ಕೆಳಗೆ ಅಂಟಿಸಲಿ. ಹೊಂಗೆ ಈ ಸಲ ಎಂದು ಚಿಗುರಿತು, ಆಷಾಢದ ಗಾಳಿ ಎಂದು ತಿರುಗಿತು, ಕೆರೆಗೆ ನೀರು ಯಾವಾಗ ಬಂದಿತು ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುವುದು ಕಾಣುತ್ತದೆ. ನೆರಳಿನ ಬೊಟ್ಟುಗಳು ಮಾತ್ರ ಇದ್ದಲ್ಲಿಯೇ ಮತ್ತೆ ಬೀಳುವುದೂ ಕಾಣುತ್ತದೆ. ಹವೆ ಬದಲಾಗುತ್ತಿದೆಯೆಂದು ಎಲ್ಲರೂ ಮಾತಾಡುವ ಈ ಕಾಲದಲ್ಲಿ, ಯಾವುದು ಬದಲಾಗುವುದು, ಯಾವುದು ಬದಲಾಗದು ಎಂಬುದನ್ನು ತನ್ನ ಕೈಬರಹದಿಂದಲೇ ತೋರಿಸಬಲ್ಲ ಮಕ್ಕಳು ಒಂದು ಊರಿಗೆ ದೊಡ್ಡ ಸಂಪತ್ತು. ಜೂನಿನಲ್ಲಿ ಶಾಲೆ ತೆರೆದ ವಾರವೇ ಅಂಗಳದಲ್ಲಿ ಕೋಲನ್ನು ನೆಟ್ಟರೆ ಕೆಲಸ ಆರಂಭವಾದಂತೆ. ಆಗ ನೆರಳು ದಕ್ಷಿಣಕ್ಕಿರುವುದನ್ನು ಮಕ್ಕಳೇ ಮೊದಲು ಕಂಡುಹಿಡಿಯಲಿ.